ಆಪರೇಷನ್ ಆದ ಮೇಲಿನ ಕಣ್ಣು

"ಗ್ಲಾಕೋಮಾ ಆಪರೇಷನ್ ಮಾಡಿಸಿದ್ರೂ ಕಣ್ಣು ಮೊದಲಿನಂಗ ಆಗವಲ್ದಲ್ಲ?" ಬೈರಿದೇವರಕೊಪ್ಪದಲ್ಲಿ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋಗುವ ಹಿರಿಯರಿಗೆ ಈ ಪ್ರಶ್ನೆ ಕಾಡುವುದು ಸಹಜ. ನೇರ ಉತ್ತರ ಕೊಡುವುದೇ ದಯೆ. ಈ ಶಸ್ತ್ರಚಿಕಿತ್ಸೆ ಹೋದ ದೃಷ್ಟಿಯನ್ನು ಮರಳಿ ತರುವುದಿಲ್ಲ. ಕಣ್ಣಿನೊಳಗಿನ ಒತ್ತಡ ಇಳಿಸಿ, ಉಳಿದ ದೃಷ್ಟಿಯನ್ನು ಕಾಯುತ್ತದೆ.

1968ರಲ್ಲಿ ಕೇರ್ನ್ಸ್ ಎಂಬ ವೈದ್ಯರು ವಿವರಿಸಿದ ಟ್ರಾಬೆಕ್ಯುಲೆಕ್ಟಮಿ ಎಂಬ ಗ್ಲಾಕೋಮಾ ಆಪರೇಷನ್ ಇಂದಿಗೂ ಬಳಕೆಯಲ್ಲಿದೆ. ಕಣ್ಣಿನೊಳಗಿನ ದ್ರವ ಹೊಸ ದಾರಿಯಲ್ಲಿ ಹೊರಬಂದು, ಮೇಲ್ರೆಪ್ಪೆಯಡಿ ಸಣ್ಣ ಗುಳ್ಳೆಯಾಗಿ ನಿಂತು ಹೀರಿಹೋಗುತ್ತದೆ. ಉಸುಕು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು ಆ ಗುಳ್ಳೆಯಿಂದಲೂ ಬರಬಹುದು. ವರ್ಷಗಟ್ಟಲೆ ಹಾಕಿದ ಗ್ಲಾಕೋಮಾ ಹನಿಗಳಲ್ಲಿನ ಸಂರಕ್ಷಕ ರಾಸಾಯನಿಕ ಕಣ್ಣನ್ನು ಒಣಗಿಸಿದ್ದರಿಂದಲೂ ಬರಬಹುದು. ಸಂರಕ್ಷಕವಿಲ್ಲದ ಕೃತಕ ಕಣ್ಣೀರಿನ ಹನಿ ಸಿಗುತ್ತದೆ, ವೈದ್ಯರನ್ನು ಕೇಳಿ. ರಸ್ತೆಯ ಧೂಳಿಗೆ, ಬಿಸಿಲಿಗೆ ಕನ್ನಡಕವಿರಲಿ. ಎಷ್ಟೇ ಕೆರೆತವಿದ್ದರೂ ಕಣ್ಣು ಉಜ್ಜಬೇಡಿ.

ಈ ಆಪರೇಷನ್ ನಂತರ ಕಣ್ಣಿನ ಪೊರೆ ಬೇಗ ಬೆಳೆಯುವುದುಂಟು. ಮಂಜು ಕವಿದರೆ ಅದೂ ಗ್ಲಾಕೋಮಾದ್ದೇ ಎಂದು ಸಹಿಸಿಕೊಂಡು ಕೂರಬೇಡಿ, ಪೊರೆಗೆ ಚಿಕಿತ್ಸೆಯಿದೆ. ಮೆಡಿಕಲ್ ಅಂಗಡಿಯಲ್ಲಿ ತಾವೇ ಕೇಳಿ ತರುವ ಸ್ಟೀರಾಯ್ಡ್ ಹನಿ ಮಾತ್ರ ಖಂಡಿತ ಬೇಡ, ಅದು ಒತ್ತಡವನ್ನೇ ಏರಿಸಬಲ್ಲದು.

ಕಣ್ಣು ಕೆಂಪಾದರೆ, ನೋವು ಬಂದರೆ, ಕೀವು ಕಂಡರೆ ಅಥವಾ ದೃಷ್ಟಿ ಥಟ್ಟನೆ ಮಸುಕಾದರೆ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೊರಡಿ. ಗುಳ್ಳೆಗೆ ಸೋಂಕು ತಗುಲಿದರೆ ಕಣ್ಣೇ ಹೋಗಬಹುದು. ಆಪರೇಷನ್ ಆಗಿ ಹತ್ತು ವರ್ಷ ಕಳೆದಿದ್ದರೂ ಈ ಎಚ್ಚರ ಬೇಕು.