ಶಿಕ್ಷಕರೂ ವಿದ್ಯಾರ್ಥಿಗಳ ಸಾಧನೆಯೂ

(ಮಹೋತ್ಸವದ ಅಂಗವಾಗಿ ತಾರಿಹಾಳದಲ್ಲಿ ಜರುಗಿದ ಶಿಕ್ಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಠದ ಮಹೋತ್ಸವದಲ್ಲಿ ಶಾಲೆಯ ಮಾತೇಕೆ ಎಂದು ಯಾರೂ ಕೇಳಲಾರರು. ನಮ್ಮ ಹಿರಿಯರ ಬಾಯಲ್ಲಿ ಮಠವೆಂದರೆ ಶಾಲೆಯೇ ಆಗಿತ್ತು. ಕೂಲಿಮಠ, ಐಗಳ ಮಠ ಎಂಬ ಹೆಸರುಗಳನ್ನು ತಾವೆಲ್ಲರೂ ಬಲ್ಲಿರಿ. 1865ರಲ್ಲಿ ಈ ಸೀಮೆಯ ಶಿಕ್ಷಕರಿಗಾಗಿ ಹೊರಟ ಪತ್ರಿಕೆಗೂ ‘ಮಠಪತ್ರಿಕೆ’ ಎಂಬ ಹೆಸರನ್ನೇ ಇಟ್ಟರು. ಅದೇ ಮುಂದೆ ‘ಜೀವನ ಶಿಕ್ಷಣ’ವಾಯಿತು. ಆದುದರಿಂದ ಶಾಲೆಯ ವಿಚಾರವು ಇಲ್ಲಿ ಮನೆಯ ವಿಚಾರವೇ ಹೊರತು ಹೊರಗಿನದಲ್ಲ.

ನನಗೆ ವಹಿಸಿಕೊಟ್ಟ ವಿಷಯವು, ವಿದ್ಯಾರ್ಥಿಗಳಲ್ಲಿ ಸಾಧನೆಯ ಹಂಬಲವನ್ನು ಶಿಕ್ಷಕರು ಹೇಗೆ ಬೆಳೆಸಬೇಕೆಂಬುದು. ಈ ತಾರಿಹಾಳದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವುಂಟು. ಒಂದು ಕಡೆಗೆ ಹೊಲಮನೆಯ ಕೆಲಸ, ಇನ್ನೊಂದು ಕಡೆಗೆ ಕೈಗಾರಿಕಾ ವಸಾಹತು. ಹತ್ತನೆಯ ಇಯತ್ತೆಯನ್ನು ಮುಟ್ಟುವ ಮೊದಲೇ ‘ನನಗೆ ವಿದ್ಯೆ ಹತ್ತುವುದಿಲ್ಲ’ ಎಂದು ನಿಶ್ಚಯಿಸಿಕೊಂಡ ಹುಡುಗನಿಗೆ ದಿನಗೂಲಿಯ ದಾರಿ ದೂರವಿಲ್ಲ. ಹುಡುಗಿಗೆ ಮದುವೆಯ ಮಾತು ದೂರವಿಲ್ಲ. ಆ ನಿಶ್ಚಯವು ಮಗುವಿನಲ್ಲಿ ಒಂದೇ ದಿನಕ್ಕೆ ಹುಟ್ಟುವುದಿಲ್ಲ. ತರಗತಿಯ ಹಿಂದಿನ ಸಾಲಿನಲ್ಲಿ, ಯಾರೂ ಪ್ರಶ್ನೆ ಕೇಳದ ಮೌನದಲ್ಲಿ, ಅದು ವರ್ಷಗಟ್ಟಲೆ ಬೇರು ಬಿಡುತ್ತದೆ. ಅದನ್ನು ಬೇರುಬಿಡಗೊಡದಿರುವುದೇ ನಮ್ಮ ಕರ್ತವ್ಯ.

ಈ ವಿಷಯದಲ್ಲಿ ನಮ್ಮ ನಾಡಿನದೇ ಒಂದು ಹಳೆಯ ನಿದರ್ಶನವನ್ನು ಗಮನಕ್ಕೆ ತರುವೆನು. 1823ರಲ್ಲಿ ಬಳ್ಳಾರಿಯ ಕಲೆಕ್ಟರನಾಗಿದ್ದ ಕ್ಯಾಂಪ್‌ಬೆಲ್ಲನು ತನ್ನ ಜಿಲ್ಲೆಯ ದೇಶೀಯ ಶಾಲೆಗಳ ವೃತ್ತಾಂತವನ್ನು ಸರಕಾರಕ್ಕೆ ಬರೆದು ಕಳುಹಿಸಿದನು. ಆಗ ಅಲ್ಲಿ 533 ಶಾಲೆಗಳೂ, ಅವುಗಳಲ್ಲಿ 6,641 ವಿದ್ಯಾರ್ಥಿಗಳೂ ಇದ್ದರು. ಹುಡುಗಿಯರು ಬರಿಯ 60. ಅವನು ಅಲ್ಲಿ ಎರಡು ಪದ್ಧತಿಗಳನ್ನು ವರ್ಣಿಸಿದ್ದಾನೆ. ಮೊದಲನೆಯದು ಹೀಗೆ: ಬೆಳಗಿನಲ್ಲಿ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು; ಎರಡನೆಯವನ ಅಂಗೈಯಲ್ಲಿ ಒಂದು ಸೊನ್ನೆ; ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು; ಹೀಗೆ ಬಂದಂತೆಲ್ಲ ಪೆಟ್ಟು ಏರುತ್ತಿತ್ತು. ಎರಡನೆಯ ಪದ್ಧತಿಯಲ್ಲಿ, ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು. ಕಲಿಸುತ್ತ ಕಲಿಸುತ್ತ ತಮ್ಮ ವಿದ್ಯೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಿದ್ದರು. ಈ ಎರಡನೆಯದನ್ನು ಕ್ಯಾಂಪ್‌ಬೆಲ್ಲನು ಬಾಯ್ತುಂಬ ಮೆಚ್ಚಿಕೊಂಡನು. ಮದರಾಸಿನಲ್ಲಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಅದಕ್ಕಿಂತ ಮೊದಲೇ ಇಂಥ ಕ್ರಮವನ್ನು ಇಂಗ್ಲೆಂಡಿಗೆ ಒಯ್ದು, ಅಲ್ಲಿ ಅದು ‘ಮದರಾಸು ಪದ್ಧತಿ’ ಎಂದೇ ಹೆಸರಾಗಿತ್ತು.

ಮಹನೀಯರೇ, ಒಂದೇ ಚಾವಡಿಯಲ್ಲಿದ್ದ ಈ ಎರಡು ಪದ್ಧತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿರಿ. ಮೊದಲನೆಯದರಲ್ಲಿ ಮಾನವು ಒಬ್ಬನಿಗೆ ಮಾತ್ರ ಉಂಟು; ಎರಡನೆಯವನನ್ನು ಬಿಟ್ಟರೆ ಉಳಿದವರೆಲ್ಲರಿಗೂ ಪೆಟ್ಟು. ನಿನ್ನೆ ಹತ್ತನೆಯವನಾಗಿದ್ದವನು ಇಂದು ಬೇಗನೆ ಎದ್ದು ಐದನೆಯವನಾಗಿ ಬಂದರೂ ಅವನ ಅಂಗೈಗೆ ಸಿಕ್ಕುವುದು ಪೆಟ್ಟೇ. ಅವನು ಮುಂದೆ ಬಂದನೆಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಎರಡನೆಯದರಲ್ಲಿ ಒಬ್ಬನ ಏಳಿಗೆ ಇನ್ನೊಬ್ಬನ ಏಳಿಗೆಗೆ ಮೆಟ್ಟಿಲಾಗುತ್ತದೆ. ಇಂದು ಬೆತ್ತವು ಹೋಗಿದೆ; 2009ರ ಶಿಕ್ಷಣ ಹಕ್ಕಿನ ಕಾಯಿದೆಯು ದೈಹಿಕ ದಂಡನೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದರೆ ಮೊದಲ ಒಬ್ಬಿಬ್ಬರಿಗೆ ಮಾತ್ರ ಅಂಗೈಯಲ್ಲಿ ಅಕ್ಷರ ಬರೆಯುವ ಅಭ್ಯಾಸವು ಹೋಯಿತೇ? ಇದನ್ನು ಪ್ರತಿಯೊಬ್ಬ ಶಿಕ್ಷಕನೂ ತನ್ನ ಮನಸ್ಸನ್ನೇ ಕೇಳಿಕೊಳ್ಳಬೇಕು.

ಸಾಧನೆಯನ್ನು ಕೇವಲ ಫಲಿತಾಂಶದಿಂದ ಅಳೆಯುವ ಕೇಡೂ ಹೊಸದಲ್ಲ. 1862ರಲ್ಲಿ ಇಂಗ್ಲೆಂಡಿನ ಸರಕಾರವು ಮಕ್ಕಳು ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನು ನೋಡಿ ಶಾಲೆಗೆ ಹಣ ಕೊಡುವ ಕ್ರಮವನ್ನು ತಂದಿತು. ನಮ್ಮ ಮುಂಬಯಿ ಪ್ರಾಂತದಲ್ಲಿಯೂ ಅನುದಾನಕ್ಕೆ ಅದೇ ಅಳತೆಗೋಲು ಬಂದಿತು. ಫಲವೇನೆಂದರೆ, ಇನ್‌ಸ್ಪೆಕ್ಟರನು ಬರುವ ದಿನಕ್ಕಾಗಿ ಬಾಯಿಪಾಠವೇ ಪಾಠವಾಯಿತು. ಎರಡು ಕಡೆಗಳಲ್ಲಿಯೂ ಕೊನೆಗೆ ಅದನ್ನು ಕೈಬಿಡಬೇಕಾಯಿತು. ಈಚಿನದನ್ನೇ ನೋಡಿರಿ. ನಮ್ಮ ರಾಜ್ಯದ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2023ರಲ್ಲಿ ನೂರಕ್ಕೆ 83.89 ಮಂದಿ ತೇರ್ಗಡೆಯಾಗಿದ್ದರು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾದ ಕಾವಲು ಬಂದಿತು. ಕೃಪಾಂಕಗಳನ್ನು ಹೆಚ್ಚಿಸಿದರೂ ಮೊದಲ ಪರೀಕ್ಷೆಯ ಫಲಿತಾಂಶವು 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಇಳಿಯಿತೆಂದು ಯಾರೂ ಹೇಳಲಾರರು. ಅಂಕಿಯು ಕಲಿಕೆಗಿಂತ ಎತ್ತರದಲ್ಲಿ ನಿಂತಿತ್ತೆಂಬ ಸಂಶಯಕ್ಕೆ ಮಾತ್ರ ಎಡೆಯಾಯಿತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಮಗುವನ್ನು ಅದರ ನಿನ್ನೆಯೊಡನೆ ಹೋಲಿಸಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ತಾಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಮಾದರಿಯನ್ನು ಕಂಡುಬಂದ ಪ್ರಾಥಮಿಕ ಶಿಕ್ಷಕರು ‘ನಲಿ-ಕಲಿ’ಯನ್ನು ಆರಂಭಿಸಿದರು, 2009ರಲ್ಲಿ ಅದು ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅದರಲ್ಲಿ ಪಾಠವು ಮೆಟ್ಟಿಲುಗಳಾಗಿ ಒಡೆದಿರುತ್ತದೆ. ಮಗುವು ತನ್ನ ಕಾಲಿನ ವೇಗಕ್ಕೆ ಏರುತ್ತದೆ. ಎಷ್ಟು ಏರಿತೆಂಬುದನ್ನು ಗೋಡೆಯ ಮೇಲಿನ ಪ್ರಗತಿನೋಟವು ತೋರಿಸುತ್ತದೆ. ಶಿಕ್ಷಕರ ನೆರವಿನ ಗುಂಪಿನೊಡನೆ ಸಹಪಾಠಿಗಳ ನೆರವಿನ ಗುಂಪೂ ಅಲ್ಲಿರುವುದರಿಂದ, ಬಳ್ಳಾರಿಯ ಹಳೆಯ ಚಾವಡಿಯ ಒಳ್ಳೆಯ ಗುಣವು ಅಲ್ಲಿ ಮರಳಿ ಬಂದಂತಾಯಿತು. ಮೇಲಿನ ಇಯತ್ತೆಗಳಿಗೆ ಇಂಥ ಏಣಿ ಇಲ್ಲದಿದ್ದರೂ ಅದರ ತತ್ತ್ವವು ಅಲ್ಲಿಗೂ ಒಪ್ಪುತ್ತದೆ. ಜೂನಿನಲ್ಲಿ ಮಗುವು ಬರೆದ ಒಂದು ಹಾಳೆಯನ್ನು ಜೋಪಾನ ಮಾಡಿರಿ. ದೀಪಾವಳಿಯ ಹೊತ್ತಿಗೆ ಅದೇ ಮಗುವಿನ ಇನ್ನೊಂದು ಹಾಳೆಯೊಡನೆ ಅದರ ಕೈಯಲ್ಲಿಡಿರಿ. ತಾನು ಬೆಳೆದುದನ್ನು ಕಣ್ಣಾರೆ ಕಂಡ ಮಗುವಿಗೆ ಬೇರೆ ಬಹುಮಾನವು ಬೇಡ.

ಎರಡನೆಯದಾಗಿ, ಹೊಗಳಿಕೆಯಲ್ಲಿ ಎಚ್ಚರವಿರಬೇಕು. ಅಮೇರಿಕೆಯ ಮುಲ್ಲರ್ ಮತ್ತು ಡ್ವೆಕ್ ಎಂಬ ವಿದುಷಿಯರು 1998ರಲ್ಲಿ ಐದನೆಯ ಇಯತ್ತೆಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಗಟುಗಳನ್ನು ಬಿಡಿಸಿದ ಕೆಲವರಿಗೆ ‘ನೀನು ಬುದ್ಧಿವಂತ’ ಎಂದರು. ಇನ್ನು ಕೆಲವರಿಗೆ ‘ಚೆನ್ನಾಗಿ ಶ್ರಮಪಟ್ಟೆ’ ಎಂದರು. ಬುದ್ಧಿವಂತರೆನಿಸಿಕೊಂಡವರಲ್ಲಿ ಬಹುಮಂದಿ ಮುಂದೆ ಕಠಿನವಾದುದನ್ನು ಬಿಟ್ಟು ಸುಲಭವಾದುದನ್ನು ಆರಿಸಿಕೊಂಡರು. ಒಮ್ಮೆ ಸೋತ ಬಳಿಕ ಮೊದಲು ಮಾಡಿದಷ್ಟನ್ನೂ ಮಾಡಲಾರದೆ ಹೋದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಸೋತ ಮೇಲೂ ಮೊದಲಿಗಿಂತ ಮುಂದುವರಿದರು. ‘ಜಾಣ’, ‘ದಡ್ಡ’ ಎಂಬ ಎರಡು ಶಬ್ದಗಳನ್ನು ನಮ್ಮ ನಾಲಗೆಯಿಂದ ತೆಗೆದುಹಾಕಿದರೆ ಅರ್ಧ ಕೆಲಸವು ಆದಂತೆಯೇ.

ಮೂರನೆಯದಾಗಿ, ತಪ್ಪಿಗೆ ನಾಚಿಕೆಯನ್ನು ಅಂಟಿಸಬಾರದು. ಕರೀಹಲಗೆಯ ಮೇಲೆ ಲೆಕ್ಕ ತಪ್ಪಿದ ಹುಡುಗಿಯನ್ನು ಒಡನೆಯೇ ಕೂಡಿಸಿ, ಬಲ್ಲವನನ್ನು ಎಬ್ಬಿಸುವುದು ನಮಗೆ ಸುಲಭ. ಅವಳನ್ನು ಅಲ್ಲಿಯೇ ನಿಲ್ಲಿಸಿಕೊಂಡು, ಎಲ್ಲಿ ತಪ್ಪಿತೆಂಬುದನ್ನು ಇಡೀ ತರಗತಿಯೇ ಕೂಡಿ ಹುಡುಕುವಂತೆ ಮಾಡಿರಿ. ಉತ್ತರವನ್ನು ತಾನೇ ತಿದ್ದಿ ಅವಳು ತನ್ನ ಸ್ಥಳಕ್ಕೆ ಹೋದರೆ ನಾಳೆಯೂ ಕೈಯೆತ್ತುವಳು. ತಲೆತಗ್ಗಿಸಿ ಹೋದರೆ ಎಂದೂ ಎತ್ತಲಾರಳು.

ಪೈಪೋಟಿಯಿಲ್ಲದಿದ್ದರೆ ಮಕ್ಕಳು ಆಲಸಿಗಳಾಗುವರೆಂದು ಕೆಲವರು ಆಕ್ಷೇಪಿಸುವರು. ಪೈಪೋಟಿಯು ಬೇಡವೆಂದು ನಾನು ಹೇಳುವುದಿಲ್ಲ. ಗೆಲ್ಲುವ ಆಸೆಯಿರುವವರನ್ನು ಅದು ಓಡಿಸುವುದು ನಿಜ. ಆದರೆ ಗೆಲ್ಲುವ ಆಸೆಯನ್ನೇ ಕಳಕೊಂಡವರನ್ನು ಅದು ಎಬ್ಬಿಸಲಾರದು. ತರಗತಿಯಲ್ಲಿ ಅಂಥವರೇ ಹೆಚ್ಚಾಗಿರುವಾಗ ಅದೊಂದನ್ನೇ ನೆಚ್ಚಿ ಕೂಡ್ರುವುದು ಸರಿಯಲ್ಲ. ತುಂಬಿ ತುಳುಕುವ ತರಗತಿ, ಮೇಲಿಂದ ಮೇಲೆ ಬರುವ ಕಾಗದಪತ್ರಗಳ ಕೆಲಸ, ಮನೆಯಲ್ಲಿ ಓದು ಬಾರದ ತಂದೆತಾಯಿಗಳು—ಈ ಕಷ್ಟಗಳನ್ನೂ ನಾನು ಅಲ್ಲಗಳೆಯುವುದಿಲ್ಲ. ಎಲ್ಲರ ಮೇಲೆಯೂ ಒಂದೇ ದಿನ ದೃಷ್ಟಿಯಿಡಲಾಗದಿದ್ದರೆ ದಿನಕ್ಕೆ ಐವರ ಮೇಲೆ ಇಡಿರಿ. ಆದರೆ ಆ ಐವರು ದಿನವೂ ಅದೇ ಐವರಾಗಿರಕೂಡದು.

ಕಡೆಯದಾಗಿ, ಶಿಕ್ಷಕನು ಸಾಧಕನಾಗದೆ ಶಿಷ್ಯನು ಸಾಧಕನಾಗನು. ಇದೇ ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರು (1834–1881), ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಕನ್ನಡ ಶಾಲೆಗಳಿಗಾಗಿಯೂ ಕನ್ನಡ ಶಿಕ್ಷಕರ ತರಬೇತಿಗಾಗಿಯೂ ತಮ್ಮ ಆಯುಷ್ಯವನ್ನೇ ಸವೆಸಿದರು. 1916ರಲ್ಲಿ ಬೆಳಗಾವಿಯಲ್ಲಿ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿಯೂ ಶಿಕ್ಷಕರೇ. ಜನರು ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರಲ್ಲಿದ್ದುದು ಹಣವಲ್ಲ, ಮುಂದಿನವರು ತಮ್ಮನ್ನೂ ಮೀರಬೇಕೆಂಬ ಹಂಬಲ.

ಧಾರವಾಡದ ಮುರುಘಾಮಠದ ಪ್ರಸಾದನಿಲಯದಂಥವು ಬಡ ಹುಡುಗರಿಗೆ ಅನ್ನವನ್ನೂ ಆಸರೆಯನ್ನೂ ಕೊಟ್ಟು ಓದಿಸಿದುದನ್ನು ಈ ನಾಡು ಬಲ್ಲುದು. ಈಗ ಶಾಲೆಯಲ್ಲಿಯೇ ಬಿಸಿಯೂಟವುಂಟು. ಆದರೆ ಒಂದೇ ಕೋಣೆಯ ಮನೆಯಲ್ಲಿ ಸಂಜೆಗೆ ಪುಸ್ತಕ ಬಿಚ್ಚಲು ಎಡೆಯಿಲ್ಲದ ಮಕ್ಕಳು ಇನ್ನೂ ಇದ್ದಾರೆ. ಈ ಮಹೋತ್ಸವದ ನೆನಪಿಗಾಗಿ ಅಂಥವರಿಗೊಂದು ಸಂಜೆಯ ಅಭ್ಯಾಸಗೃಹವು ಇಲ್ಲಿ ನಡೆಯಲಿ. ಹತ್ತನೆಯ ಇಯತ್ತೆಯವರು ಏಳನೆಯವರಿಗೆ, ಏಳನೆಯವರು ನಾಲ್ಕನೆಯವರಿಗೆ ಹೇಳಿಕೊಡಲಿ. ಸರದಿಯಂತೆ ಒಬ್ಬ ಶಿಕ್ಷಕರು ಬಳಿಯಲ್ಲಿರಲಿ. ದೀಪ, ಚಾಪೆ, ಎರಡು ತಾಸಿನ ಹೊತ್ತು ಇಷ್ಟೇ ಬೇಕಾದುದು. ಶ್ರೀಗಳವರು ಈ ವಿಜ್ಞಾಪನೆಯನ್ನು ಮನ್ನಿಸಬೇಕೆಂದೂ, ಶಿಕ್ಷಕ ಬಂಧುಗಳು ತಮ್ಮ ಸರದಿಯನ್ನು ಇಂದೇ ಗೊತ್ತುಮಾಡಿಕೊಳ್ಳಬೇಕೆಂದೂ ಬೇಡಿಕೊಳ್ಳುವೆನು.