ಒಂದೇ ಕಾಡು, ಎರಡು ಲೆಕ್ಕ



ಉತ್ತರ ಕನ್ನಡ ಜಿಲ್ಲೆಯ ಕಾಡಂಚಿನ ಹಳ್ಳಿಯೊಂದರಲ್ಲಿ ಒಂದೇ ಮನೆಯ ಗಂಡ ಹೆಂಡಿರನ್ನು ಬೇರೆ ಬೇರೆಯಾಗಿ ಕೂರಿಸಿ, ‘ಈ ಮತ್ತಿಮರದಿಂದ ನಿಮಗೇನು ಉಪಯೋಗ?’ ಎಂದು ಕೇಳಿ ನೋಡಿ. ಗಂಡನಿಗೆ ಬಹುಮಟ್ಟಿಗೆ ತೊಲೆ, ಜಂತಿ ನೆನಪಾಗುತ್ತವೆ. ಹೆಂಡತಿಗೆ ಕೊಟ್ಟಿಗೆಗೆ ಹಾಸುವ ಸೊಪ್ಪು, ಒಲೆಗೆ ಒದಗುವ ಒಣರೆಂಬೆ. ಇಬ್ಬರ ಮಾತೂ ನಿಜವೇ. ಆದರೆ ಮೊದಲನೆಯ ಉಪಯೋಗಕ್ಕೆ ಮರ ಉರುಳಬೇಕು. ಎರಡನೆಯದಕ್ಕೆ ಮರ ನಿಂತಿರಬೇಕು.

ಹೆಣ್ಣು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರ ಎಂದು ಹೇಳುವವರಿದ್ದಾರೆ. ಕೇಳಲು ಇಂಪಾದ ಮಾತು, ನನಗೆ ಒಪ್ಪಿಗೆಯಿಲ್ಲ. ಕಾರಣ ಇರುವುದು ಕೆಲಸದ ಹಂಚಿಕೆಯಲ್ಲಿ. ನೀರು, ಸೌದೆ, ಮೇವು, ದರಕು ತರುವ ಕೆಲಸ ಯಾರ ತಲೆಯ ಮೇಲಿದೆಯೋ ಅವರಿಗೆ ಕಾಡು ದಿನನಿತ್ಯದ ಉಗ್ರಾಣ. ಮರ ಕಡಿಯುವುದು, ಸಾಗಿಸುವುದು, ಪೇಟೆಯಲ್ಲಿ ಮಾರುವುದು ಯಾರ ಕೈಯಲ್ಲಿದೆಯೋ ಅವರಿಗೆ ಅದು ವರ್ಷಕ್ಕೊಮ್ಮೆ ತೆರೆಯುವ ಪೆಟ್ಟಿಗೆ. ಹೆಂಗಸರಲ್ಲೂ ಎಲ್ಲರೂ ಒಂದೇ ಅಲ್ಲ. ಅಡಿಕೆ ತೋಟದ ಮನೆಯವಳಿಗೆ ತನ್ನದೇ ಸೊಪ್ಪಿನಬೆಟ್ಟವಿದೆ. ಭೂಮಿಯಿಲ್ಲದ ಕೂಲಿಯವಳು ಸೌದೆ ಹೊರೆಗಾಗಿ ಇನ್ನೊಬ್ಬರ ಬೆಟ್ಟಕ್ಕೋ ಸರ್ಕಾರಿ ಕಾಡಿಗೋ ಅಂಜುತ್ತಲೇ ಕಾಲಿಡಬೇಕು.

ಸೌದೆಯ ವಿಷಯದಲ್ಲಿ ಸ್ವಲ್ಪ ವಿಜ್ಞಾನವನ್ನೂ ನೋಡೋಣ. ಹಸಿ ಕಟ್ಟಿಗೆ ಉರಿಸಿದರೆ ಶಾಖದ ಒಂದು ಪಾಲು ಅದರೊಳಗಿನ ನೀರನ್ನು ಆವಿಯಾಗಿಸುವುದಕ್ಕೇ ವ್ಯಯವಾಗುತ್ತದೆ. ಉರಿ ಕಡಿಮೆ, ಹೊಗೆ ಹೆಚ್ಚು. ಆದ್ದರಿಂದಲೇ ಹೆಂಗಸರು ಆರಿಸುವುದು ತಾನಾಗಿ ಒಣಗಿ ಬಿದ್ದ ಪುಳ್ಳೆಯನ್ನು. ದೋಸೆಗೆ ಸಣ್ಣ ಕಡ್ಡಿಯ ಚುರುಕು ಉರಿ, ಭತ್ತ ಬೇಯಿಸಲು ದಪ್ಪ ಕೊರಡಿನ ಕೆಂಡ: ಈ ತಿಳಿವಳಿಕೆಗೆ ಯಾವ ಕಾಲೇಜೂ ಪದವಿ ಕೊಟ್ಟಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂದಮೇಲೆ ಅನೇಕ ಮನೆಗಳಿಗೆ ಗ್ಯಾಸ್ ಬಂದಿದೆ. ಆದರೂ ಬಚ್ಚಲ ಹಂಡೆಯ ಒಲೆ ಬಹಳ ಕಡೆ ಇನ್ನೂ ಕಟ್ಟಿಗೆಯದೇ.

ಕಾಡಿನ ಒಂದು ವಸ್ತುವಿಗೆ ಇದ್ದಕ್ಕಿದ್ದಂತೆ ಬೆಲೆ ಬಂದಾಗ ಏನಾಗುತ್ತದೆ? ಉಪ್ಪಾಗೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಮಲೆನಾಡಿನಲ್ಲಿ ಅದರ ಸಿಪ್ಪೆ ಅಡುಗೆಯ ಹುಳಿಗೆ, ಬೀಜ ತುಪ್ಪಕ್ಕೆ. ಹಣ್ಣಾಗಿ ಬಿದ್ದದ್ದನ್ನು ಹೆಕ್ಕಿದರೆ ಮನೆಗೆ ಸಾಕಾಗುತ್ತಿತ್ತು. 1990ರ ದಶಕದಲ್ಲಿ ಇದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಮೈ ಇಳಿಸುತ್ತದೆಂಬ ಪ್ರಚಾರ ಹೊರದೇಶಗಳಲ್ಲಿ ಹಬ್ಬಿ, ಒಣಸಿಪ್ಪೆಗೆ ಬೇಡಿಕೆ ಏರಿತು. ನಾಳೆ ಇನ್ನೊಬ್ಬರು ಕೊಯ್ದಾರೆಂಬ ಅವಸರದಲ್ಲಿ ಎಳೆಗಾಯಿಯನ್ನೇ ಕಿತ್ತರು, ಕೆಲವೆಡೆ ಕೊಂಬೆಯನ್ನೇ ಕಡಿದರು. ಕೊಯ್ಲು ಸುರಿಮಳೆಯ ಕಾಲದಲ್ಲಿ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಬೆಂಕಿಯ ಮೇಲೇ ಒಣಗಿಸಬೇಕು. ಮರ ಹತ್ತುವುದು ಸಾಮಾನ್ಯವಾಗಿ ಗಂಡಸರ ಕೆಲಸ. ಕಾಯಿ ಒಡೆದು ಹೊಗೆಯಲ್ಲಿ ಕೂತು ಒಣಗಿಸುವ ಕೆಲಸದ ಬಹುಪಾಲು ಹೆಂಗಸರದು. ಆ ಬೆಂಕಿಗೆ ಬೇಕಾದ ಸೌದೆಯನ್ನು ಲಾಭದ ಲೆಕ್ಕದಲ್ಲಿ ಬರೆದವರು ಕಡಿಮೆ.

ಇನ್ನು ಕಾಡಿನ ಬಗ್ಗೆ ‘ಊರು ಒಪ್ಪಿತು’ ಎನ್ನುತ್ತಾರಲ್ಲ, ಹಾಗೆಂದರೆ ಯಾರು ಒಪ್ಪಿದರು? ಕ್ಯಾಮೆರಾ ಹೊತ್ತು ಹಳ್ಳಿಗೆ ಹೋಗುವ ನಮ್ಮಂಥವರಿಗೂ ಅರಳಿಕಟ್ಟೆಯ ಮೇಲೆ ಮಾತಿಗೆ ಸಿಗುವವರು ಗಂಡಸರೇ. ಹಿಮಾಲಯದ ಚಮೋಲಿ ಜಿಲ್ಲೆಯ ರೇಣಿ ಗ್ರಾಮದಲ್ಲಿ 1974ರ ಮಾರ್ಚ್ 26ರಂದು ಗೌರಾದೇವಿಯ ಮುಂದಾಳುತನದಲ್ಲಿ ಹೆಂಗಸರು ಮರಗಳನ್ನು ಉಳಿಸಿಕೊಂಡದ್ದನ್ನು ನೀವು ಓದಿದ್ದೀರಿ. ಅಂದು ಗಂಡಸರು ಊರಿನಲ್ಲಿರಲಿಲ್ಲ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದೇ ಜಿಲ್ಲೆಯ ಡುಂಗ್ರಿ-ಪೈಂತೋಲಿಯಲ್ಲಿ 1980ರಲ್ಲಿ ನಡೆದದ್ದು. ಅಲ್ಲಿ ಗಂಡಸರು ಊರಿನಲ್ಲೇ ಇದ್ದರು. ರಸ್ತೆ, ಶಾಲೆ, ಆಸ್ಪತ್ರೆ ಸಿಗುತ್ತದೆಂಬ ಭರವಸೆಗೆ ಗಂಡಸರೇ ತುಂಬಿದ್ದ ಪಂಚಾಯಿತಿ ಓಕ್ ಮರಗಳ ಕಾಡನ್ನು ಬಿಟ್ಟುಕೊಡಲು ಒಪ್ಪಿತು. ಹೆಂಗಸರು ಒಪ್ಪಲಿಲ್ಲ. ಚಳಿಗಾಲದಲ್ಲೂ ಹಸಿರು ಮೇವು ಕೊಡುವ ಮರ ಓಕ್. ಅದು ಹೋದರೆ ಮೇವಿಗೆ ಬೆಟ್ಟ ದಾಟಿ ನಡೆಯಬೇಕಾದವರು ಅವರೇ. ತಮ್ಮ ಊರಿನ ಗಂಡಸರ ಎದುರಿಗೇ ನಿಂತರು, ಕಾಡು ಉಳಿಯಿತು. ರಸ್ತೆ, ಆಸ್ಪತ್ರೆ ಬೇಕೆಂದ ಗಂಡಸರನ್ನು ಖಳರೆಂದು ತಿಳಿಯಬೇಡಿ, ಅವೂ ಬೇಕಾದವುಗಳೇ. ಆದರೆ ಬೆಲೆ ತೆರುವವರನ್ನು ಯಾರೂ ಕೇಳಿರಲಿಲ್ಲ.

ಕಾಡನ್ನು ಉಳಿಸುವ ನಿರ್ಧಾರದಲ್ಲೂ ಇದೇ ತೊಡಕು. 1990ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಜಂಟಿ ಅರಣ್ಯ ನಿರ್ವಹಣೆಗೆ ದಾರಿ ತೆರೆಯಿತು. ಹಲವು ರಾಜ್ಯಗಳ ಮೊದಲ ನಿಯಮಗಳಲ್ಲಿ ಮನೆಗೊಬ್ಬ ಸದಸ್ಯ. ಎಂದರೆ ಬಹುತೇಕ ಮನೆಯ ಯಜಮಾನ. ಸಮಿತಿ ಸೇರಿ ‘ಕಾಡು ಬಂದ್’ ಎಂದು ತೀರ್ಮಾನಿಸಿದರೆ ನೇಗಿಲ ಮರಕ್ಕೆ ವರ್ಷಕ್ಕೊಮ್ಮೆ ಕಾಡಿಗೆ ಹೋಗುವವನು ಕಾಯಬಲ್ಲ. ಸಂಜೆಯ ಒಲೆ ಕಾಯುವುದಿಲ್ಲ. ಹೆಂಗಸರು ದೂರದ ಕಾಡಿಗೆ ನಡೆದರು, ಇಲ್ಲವೇ ಕದ್ದು ತಂದು ಸಿಕ್ಕಿಬಿದ್ದು ದಂಡ ತೆತ್ತರು. 2000ದ ಮಾರ್ಗಸೂಚಿಯಲ್ಲಿ ಸಾಮಾನ್ಯ ಸಭೆಯ ಸದಸ್ಯತ್ವದಲ್ಲಿ ಶೇಕಡಾ 50, ಕಾರ್ಯಕಾರಿ ಸಮಿತಿಯಲ್ಲಿ ಶೇಕಡಾ 33 ಮಹಿಳೆಯರಿರಬೇಕೆಂದು ಸೂಚಿಸಲಾಯಿತು.

ಬರೀ ಸಂಖ್ಯೆಯಿಂದ ಏನಾದೀತು ಎಂದು ನೀವು ಕೇಳಬಹುದು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಗುಜರಾತ್ ಮತ್ತು ನೇಪಾಳದ ಸಮುದಾಯ ಅರಣ್ಯ ಗುಂಪುಗಳನ್ನು ಅಭ್ಯಸಿಸಿ 2010ರಲ್ಲಿ ಪುಸ್ತಕ ಪ್ರಕಟಿಸಿದರು. ಸಮಿತಿಯಲ್ಲಿ ಮಹಿಳೆಯರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟಾದಾಗ ಅವರು ಸಭೆಗೆ ಬರುವುದೂ ಬಾಯಿಬಿಟ್ಟು ಮಾತಾಡುವುದೂ ಹೆಚ್ಚುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಒಬ್ಬಳನ್ನೇ ಮೂಲೆಯಲ್ಲಿ ಕೂರಿಸಿ ಸಹಿ ಹಾಕಿಸಿಕೊಂಡರೆ ಹಾಗಾಗುವುದಿಲ್ಲ.

2006ರ ಅರಣ್ಯ ಹಕ್ಕು ಕಾಯಿದೆ ಇನ್ನೂ ಮುಂದೆ ಹೋಯಿತು. ವ್ಯಕ್ತಿಗತ ಹಕ್ಕುಪತ್ರ ವಿವಾಹಿತರಿಗೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಬರಬೇಕು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಇದೇ ಕಾಯಿದೆಯಡಿ ಸಮುದಾಯ ಹಕ್ಕು ದೊರೆಯಿತು. ಅಲ್ಲಿ ಹೆಜ್ಜೇನು ಇಳಿಸುವುದು ಗಂಡಸರ ಕೆಲಸ. ನೆಲ್ಲಿಕಾಯಿಗೆ ಹೆಂಗಸರೂ ಹೋಗುತ್ತಾರೆ. ಕಾಯಿದೆಯ ನಿಯಮಗಳಿಗೆ 2012ರಲ್ಲಿ ತಿದ್ದುಪಡಿಯಾಗಿ, ಗ್ರಾಮಸಭೆಯ ಕೋರಂ ಅರ್ಧದಷ್ಟು ಸದಸ್ಯರೆಂದೂ ಹಾಜರಾದವರಲ್ಲಿ ಮೂರನೇ ಒಂದು ಭಾಗವಾದರೂ ಮಹಿಳೆಯರಿರಬೇಕೆಂದೂ ಆಯಿತು. ಎಂದರೆ, ಹೆಂಗಸರೆಲ್ಲ ಸೌದೆಗೆ ಹೋದ ಹೊತ್ತು ನೋಡಿ ಸಭೆ ಕರೆದರೆ ಅದು ಸಭೆಯೇ ಅಲ್ಲ; ಅವರು ಹೊರೆ ಇಳಿಸಿ ಬರುವ ತನಕ ಊರು ಕಾಯಬೇಕು.