ಹೆಣ್ಣುಕರುವಿಗೂ ಇರಲಿ ಒಂದು ಅಳತೆ

(ಸತ್ತೇಗಾಲದ ಹಾಲು ಉತ್ಪಾದಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ಡೇರಿಗೆ ಹಾಕುವ ಹಾಲನ್ನು ದಿನಕ್ಕೆರಡು ಬಾರಿ ಅಳೆಯುತ್ತೀರಿ. ಜಿಡ್ಡಿನಂಶ ಸ್ವಲ್ಪ ಇಳಿದರೂ ಕಾರ್ಯದರ್ಶಿಯವರನ್ನು ಕೇಳುತ್ತೀರಿ. ಆದರೆ ನಾಳೆ ಹಾಲು ಕೊಡಬೇಕಾದ ಹೆಣ್ಣುಕರುವನ್ನು ಅಳೆದವರು ಎಷ್ಟು ಮಂದಿ?

ಒಂದೇ ತಿಂಗಳಲ್ಲಿ ಹುಟ್ಟಿದ ಎರಡು ಕರುಗಳು ಒಂದೇ ಸಮನೆ ಬೆಳೆಯುವುದಿಲ್ಲ. ತಳಿಯಿಂದ ಬರುವ ವ್ಯತ್ಯಾಸ ಸಹಜ. ನಮ್ಮ ಸೀಮೆಯ ಹಳ್ಳಿಕಾರ್, ಆಲಂಬಾಡಿ ರಾಸುಗಳು ಉಳುಮೆಯ ತಳಿಗಳು, ಎಚ್.ಎಫ್. ಮಿಶ್ರತಳಿಯ ಮೈಕಟ್ಟೇ ಬೇರೆ. ಆದರೆ ಒಂದೇ ತಳಿಯ ಕರುಗಳಲ್ಲಿ ಒಂದು ಸೊರಗಿದ್ದರೆ, ಮೊದಲು ಕೊಟ್ಟಿಗೆಯಲ್ಲೇ ಕಾರಣ ಹುಡುಕಿ. ಗಿಣ್ಣುಹಾಲು ತಡವಾಯಿತೆ? ಜಂತುಹುಳುವಿನ ಔಷಧಿ ತಪ್ಪಿತೆ? ಕರುವಿನ ಪಾಲಿನ ಹಾಲೂ ಕ್ಯಾನಿಗೆ ಹೋಯಿತೆ?

ತೂಕದ ಯಂತ್ರ ಇಲ್ಲದಿದ್ದರೆ ದರ್ಜಿಯ ಟೇಪು ಸಾಕು. ಕರುವನ್ನು ಸಮತಟ್ಟಾದ ನೆಲದಲ್ಲಿ ನಾಲ್ಕು ಕಾಲೂ ನೇರವಾಗಿರುವಂತೆ ನಿಲ್ಲಿಸಿ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ ತೆಗೆಯಿರಿ. ಭುಜದ ಮುಂತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯವರೆಗೆ ಉದ್ದ ನೋಡಿ. ಎರಡೂ ಅಂಗುಲದಲ್ಲಿರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಕಿಲೋ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ 58, ಉದ್ದ 49 ಅಂಗುಲವಾದರೆ ಸುಮಾರು 250 ಕಿಲೋ. ಇದು ದನಗಳ ಲೆಕ್ಕ. ಕತ್ತೆಮರಿಗೋ ಕುದುರೆಮರಿಗೋ ಹೊಂದದು.

ಈ 250 ಕಿಲೋ ನೆನಪಿರಲಿ. ಮಿಶ್ರತಳಿ ಕಡಸು ಈ ತೂಕ ಮುಟ್ಟಿದ ಮೇಲೆ ಬೆದೆಗೆ ಬಂದಾಗ ಕೃತಕ ಗರ್ಭಧಾರಣೆ ಮಾಡಿಸುವುದು ಒಳ್ಳೆಯದು. ಎಳೆಯ ಮೈಗೆ ಆತುರಪಟ್ಟು ಕಟ್ಟಿಸಿದರೆ ಹೆರಿಗೆ ಕಷ್ಟ. ತಾಯಿ, ಕರು ಎರಡಕ್ಕೂ ಅಪಾಯ. ತೀರ ತಡವಾದರೆ ಮೇವು ಖರ್ಚಾಗುತ್ತದೆ, ಹಾಲು ಬರುವುದಿಲ್ಲ.

ಹುಟ್ಟುವಾಗ 30 ಕಿಲೋ ಇದ್ದ ಕರು ಒಂದೂವರೆ ವರ್ಷಕ್ಕೆ 250 ಮುಟ್ಟಬೇಕಾದರೆ ದಿನಕ್ಕೆ ಸುಮಾರು 400 ಗ್ರಾಂ, ತಿಂಗಳಿಗೆ 12 ಕಿಲೋ ಏರಬೇಕು. ಅದಕ್ಕೆ ಬುನಾದಿ ಮೊದಲ ದಿನವೇ ಬೀಳುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಮಾಸು ಬೀಳಲೆಂದು ಕಾಯಬೇಡಿ. ಮೊದಲ ತಿಂಗಳು ದಿನವೂ ತೂಕದ ಹತ್ತನೇ ಒಂದು ಪಾಲು ಹಾಲು ಕೊಡಿ. ಪಶುವೈದ್ಯರನ್ನು ಕೇಳಿ ಜಂತುಹುಳುವಿನ ಔಷಧಿ ಹಾಕಿಸಿ. ಎರಡನೇ ವಾರದಿಂದ ಕರು ಆಹಾರ, ಎಳೆಹುಲ್ಲು ರೂಢಿ ಮಾಡಿಸಿ.

ಪ್ರತಿ ತಿಂಗಳ ಒಂದನೇ ತಾರೀಖು ಅಳೆದು, ಕೊಟ್ಟಿಗೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿರಿ. ಸಂಖ್ಯೆ ಏರದೆ ನಿಂತ ತಿಂಗಳೇ ಎಚ್ಚರವಾಗಿ. ಕಡಸು ಬೆದೆಗೆ ಬರಲಿಲ್ಲವೆಂದು ಎರಡು ವರ್ಷದ ನಂತರ ಚಿಂತಿಸುವುದಕ್ಕಿಂತ ಇದು ಮೇಲು.